ಕೇಳಿಸಿಕೊಂಡ ಕಲ್ಲು

ಮೂವತ್ತೊಂದು ವರ್ಷದಲ್ಲಿ ಆ ನ್ಯಾಯಾಲಯಕ್ಕೆ ಹದಿನೇಳು ಮಂದಿ ನ್ಯಾಯಾಧೀಶರು ಬಂದು ಹೋದರು. ವಕೀಲರೆಷ್ಟೋ ಯಾರೂ ಎಣಿಸಲಿಲ್ಲ, ಕಳ್ಳರದಂತೂ ಕೇಳಲೇಬೇಡಿ. ಅಲ್ಲಿಂದ ಕದಲದೆ ಉಳಿದವನು ಆಣೆ ಮಾಮ ಒಬ್ಬನೇ. ಮೂರನೇ ಕೋಣೆಯ ಬಾಗಿಲಲ್ಲಿ ನಿಂತು ಹೆಸರು ಕೂಗುವುದು, ಕಟಕಟೆ ಹತ್ತಿದ ಸಾಕ್ಷಿಯ ಕೈಕೆಳಗೆ ಧರ್ಮಗ್ರಂಥ ಹಿಡಿದು ಆಣೆ ಮಾಡಿಸುವುದು ಅವನ ಕೆಲಸ. ಮಾಡಿಸಿ ಮಾಡಿಸಿ ಊರಿಗೆಲ್ಲ ಆಣೆ ಮಾಮ ಆಗಿಬಿಟ್ಟ. ಅಪ್ಪ ಅಮ್ಮ ಇಟ್ಟ ಹೆಸರು ಕಚೇರಿಯ ಹಾಜರಿ ಪುಸ್ತಕದಲ್ಲಿ ಮಾತ್ರ ಉಳಿದಿತ್ತು.

ಹೆಸರು ಕೂಗುವುದೆಂದರೆ ಸುಮ್ಮನೆ ಬಾಯಿ ಬಿಡುವುದು ಅಂದುಕೊಳ್ಳಬೇಡಿ. ಮೊದಲನೇ ಕೂಗು ಬೆಂಚಿನ ಮೇಲೆ ಕೂತವರಿಗೆ, ಎರಡನೆಯದು ಮೆಟ್ಟಿಲ ಬಳಿ ವಕೀಲರ ಕಾಲು ಹಿಡಿಯುತ್ತಿರುವವರಿಗೆ, ಮೂರನೆಯದು ಗೇಟಿನಾಚೆ ಚಹಾ ಕುಡಿಯುತ್ತ ನಿಂತವರಿಗೆ. ಮೂರಕ್ಕೂ ಬಾರದವನು ಗೈರುಹಾಜರು. ಆಣೆ ಮಾಮನ ಮೂರನೇ ಕೂಗು ರಸ್ತೆ ದಾಟಿ ಎದುರಿನ ಸೈಕಲ್ ಅಂಗಡಿಗೂ ಕೇಳುತ್ತಿತ್ತು. ಸೈಕಲ್ ಅಂಗಡಿಯವನಿಗೆ ಊರಿನ ಅರ್ಧ ಕೇಸು ಬಾಯಿಪಾಠವಾಗಿತ್ತು.

ಇನ್ನು ಆಣೆ. "ನನ್ನ ಹಿಂದೆ ಹೇಳಿ" ಎಂದು ಶುರುಮಾಡಿ, ದೇವರ ಮುಂದೆ ಸತ್ಯವನ್ನೇ ಹೇಳುತ್ತೇನೆ, ಸತ್ಯವನ್ನಲ್ಲದೆ ಬೇರೇನನ್ನೂ ಹೇಳುವುದಿಲ್ಲ ಎಂದು ಅವನು ಮೊದಲು ಹೇಳಬೇಕು, ಸಾಕ್ಷಿ ಆಮೇಲೆ ಹೇಳಬೇಕು. ಒಂದು ದಿನ ಗುಮಾಸ್ತ ತಮಾಷೆ ಮಾಡಿದ: "ಮಾಮ, ಸಾಕ್ಷಿಗಳು ಒಂದೊಂದು ಆಣೆ ಮಾಡಿ ಮನೆಗೆ ಹೋಗ್ತಾರೆ. ಅವರೆಲ್ಲರ ಆಣೇನೂ ನೀವೇ ಮೊದಲು ಮಾಡಿರ್ತೀರಲ್ಲ! ನಿಮಗೆ ಈ ಜನ್ಮದಲ್ಲಿ ಒಂದು ಸಣ್ಣ ಸುಳ್ಳಿಗೂ ಜಾಗ ಇಲ್ಲ ಬಿಡಿ."

ಎಲ್ಲರೂ ನಕ್ಕರು. ಆಣೆ ಮಾಮನ ಮುಖ ಮಾತ್ರ ಬಿಳಿಚಿಕೊಂಡಿತು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ, ಅವನ ಕತೆ ಅದೇ ಆಯಿತು. ಆ ಹೊತ್ತಿಗಾಗಲೇ ಅವನ ಹೊಟ್ಟೆಯಲ್ಲಿ ಒಂದು ಸುಳ್ಳು ವರ್ಷಗಟ್ಟಲೆಯಿಂದ ಕೂತಿತ್ತು. ಅವನು ಆಡಿದ ಸುಳ್ಳಲ್ಲ, ಕೇಳಿಸಿಕೊಂಡ ಸುಳ್ಳು.

ಹನ್ನೊಂದು ವರ್ಷದ ಹಿಂದೆ ಊರಿನ ಮರದ ಗೋದಾಮಿಗೆ ಬೆಂಕಿ ಬಿದ್ದು ಒಳಗೆ ಮಲಗಿದ್ದ ಒಬ್ಬ ಹಮಾಲಿ ಸತ್ತ. ಗೋದಾಮಿನ ಯಜಮಾನ, ಇದೆಲ್ಲ ಕಾವಲುಗಾರನ ಕೆಲಸ ಎಂದ. ಆ ಸಂಜೆ ಏಳೂವರೆಗೆ ಕಾವಲುಗಾರ ಗೋದಾಮಿನೊಳಗೆ ಸ್ಟೌ ಹಚ್ಚಿಕೊಂಡು ಕುಡಿಯುತ್ತ ಕೂತಿದ್ದನ್ನು ಕಣ್ಣಾರೆ ಕಂಡೆ ಎಂದು ಹೇಳಲು ಒಬ್ಬ ಸಾಕ್ಷಿಯೂ ಸಿಕ್ಕಿದ. ಆ ಸಾಕ್ಷಿ ಕಟಕಟೆ ಹತ್ತಿದಾಗ ಅವನ ಕೈಕೆಳಗೆ ಧರ್ಮಗ್ರಂಥ ಹಿಡಿದವನು ಆಣೆ ಮಾಮ. ಸಾಕ್ಷಿ ಬೇರೆ ಯಾರೂ ಅಲ್ಲ, ಅವನ ಹೆಂಡತಿಯ ಖಾಸಾ ತಮ್ಮ.

ಆ ಸಂಜೆ ಏಳೂವರೆಗೆ ಆ ಭಾವಮೈದ ಇದ್ದದ್ದು ಗೋದಾಮಿನ ಹತ್ತಿರವಲ್ಲ, ಊರಿನ ಇನ್ನೊಂದು ತುದಿಯಲ್ಲಿ, ಆಣೆ ಮಾಮನ ಅಡುಗೆಮನೆಯಲ್ಲಿ! ಸೋರುತ್ತಿದ್ದ ನಲ್ಲಿ ಬಿಚ್ಚಿ ಕೂತಿದ್ದ. ಆರಕ್ಕೆ ಬಂದವನು ನಲ್ಲಿ ಸರಿಮಾಡಿ, ಅಕ್ಕ ಬಡಿಸಿದ್ದನ್ನು ಉಂಡು, ಬೆಂಕಿಯ ಸುದ್ದಿ ಬಂದ ಮೇಲೆಯೇ ಎದ್ದು ಹೋದದ್ದು. ಭಾವನ ಕಣ್ಣಿಗೆ ಕಣ್ಣು ಕೊಡದೆ ಆಣೆ ಮಾಡಿದ. ಮಾಮ ಹೇಳಿಕೊಟ್ಟ ಮಾತನ್ನು ಒಂದಕ್ಷರ ಬಿಡದೆ ಹಿಂದೆ ಹೇಳಿದ. ಆಮೇಲೆ ಸುಳ್ಳು ಹೇಳಿದ. ಮರುತಿಂಗಳು ಗೋದಾಮಿನ ಯಜಮಾನ ಅವನಿಗೆ ಕಾಯಂ ಕೆಲಸ ಕೊಟ್ಟ.

ಆ ದಿನ ಮಾಮ ಯಾಕೆ ಬಾಯಿ ಬಿಡಲಿಲ್ಲ? ಹೆಂಡತಿಯ ತಮ್ಮ, ಅವನ ಮನೆಯಲ್ಲಿ ಬೆಳೆಯುತ್ತಿರುವ ಎರಡು ಮಕ್ಕಳು, ಕೈಯಲ್ಲಿ ಕೆಲಸವಿಲ್ಲ. ಇವನೊಬ್ಬನ ಮಾತಿನಿಂದ ಏನಾಗುತ್ತೆ, ಬೇರೆ ಸಾಕ್ಷಿಗಳೂ ಇರುತ್ತಾರೆ ಅಂದುಕೊಂಡ. ಬೇರೆ ಸಾಕ್ಷಿಗಳೇ ಇರಲಿಲ್ಲ. ಕಾವಲುಗಾರನಿಗೆ ಏಳು ವರ್ಷ ಜೈಲಾಯಿತು. ಮೂರನೇ ವರ್ಷಕ್ಕೆ ಜೈಲಿನ ಆಸ್ಪತ್ರೆಯಲ್ಲಿ ಎದೆರೋಗದಿಂದ ತೀರಿಕೊಂಡ ಎಂಬ ಸುದ್ದಿ ಬಂತು.

ಸುದ್ದಿ ಬಂದ ವಾರದಿಂದಲೇ ಅದು ಶುರುವಾದದ್ದು. ಮಾಮ ಯಾರ ಹೆಸರನ್ನೇ ಕೂಗಲಿ, ಮೂರನೇ ಕೂಗು ಮುಗಿದೊಡನೆ ಮೊಗಸಾಲೆಯ ಆ ತುದಿಯಿಂದ ಒಂದು ದನಿ ಬರುತ್ತಿತ್ತು: "ಬಂದೆ ಸ್ವಾಮಿ." ಕಾವಲುಗಾರ ವಿಚಾರಣೆಯ ದಿನಗಳಲ್ಲಿ ಹಾಗೆಯೇ ಓಗೊಡುತ್ತಿದ್ದ. ಮೆಲುದನಿ, ತಡವಾಗಿ ಬಂದವನ ಸಂಕೋಚ. ಹಾಡು ಹಗಲು, ಸುತ್ತ ನೂರು ಜನ, ಟೈಪಿನ ಟಕಟಕ. ಅದರ ನಡುವೆ ಆ ದನಿ. ಮಾಮ ಕತ್ತು ಚಾಚಿ ನೋಡುತ್ತಿದ್ದ. ಯಾರೂ ಇರುತ್ತಿರಲಿಲ್ಲ. ಕಿವಿ ತೋರಿಸಲು ಹೋದ. ವೈದ್ಯರು ಎರಡೂ ಕಿವಿಯಿಂದ ಗುಗ್ಗೆ ತೆಗೆದು, "ಇನ್ನು ಮೇಲೆ ಸೊಗಸಾಗಿ ಕೇಳಿಸುತ್ತೆ" ಎಂದರು. ಹಾಗೆಯೇ ಆಯಿತು. ಆ ದನಿ ಇನ್ನೂ ಸ್ಪಷ್ಟವಾಗಿ ಕೇಳತೊಡಗಿತು.

ಹೀಗೆ ಎಂಟು ವರ್ಷ ಕಳೆಯಿತು. ನಿವೃತ್ತಿಗೆ ನಾಲ್ಕು ತಿಂಗಳಿದ್ದಾಗ ಮಾಮ ಒಂದು ಎಡವಟ್ಟು ಮಾಡಿದ. ಯಾವುದೋ ಜಮೀನು ತಂಟೆಯ ಸಾಕ್ಷಿಯನ್ನು ಕರೆಯಲು ಚೀಟಿ ಹಿಡಿದು ಬಾಗಿಲಿಗೆ ಬಂದವನು, ಚೀಟಿ ನೋಡುತ್ತಲೇ, ಅದರಲ್ಲಿಲ್ಲದ ಹೆಸರನ್ನು ಕೂಗಿದ. ಒಂದಲ್ಲ, ಮೂರು ಸಲ. ಕಾವಲುಗಾರನ ಹೆಸರು, ಅವನ ಅಪ್ಪನ ಹೆಸರಿನ ಸಮೇತ. ತಾನು ಕೂಗಿದ್ದೇನೆಂದು ತಿಳಿದಾಗ ಚೀಟಿಯನ್ನು ತಿರುಗಿಸಿ ಮುರುಗಿಸಿ ನೋಡಿದ. ಬೆಂಚಿನ ಮೇಲಿಂದ, ಆಗಾಗ ಅಲ್ಲಿ ಕಂಡಿದ್ದರೂ ಯಾರೆಂದು ಅವನು ಕೇಳಿರದ ಇಪ್ಪತ್ತರ ಒಬ್ಬ ಹುಡುಗಿ ಎದ್ದು ನಿಂತಳು.

"ಅವರಿಲ್ಲ. ನಾನು ಅವರ ಮಗಳು. ನನ್ನ ಅರ್ಜಿ ಬಂತಾ?" ಎಂದಳು.

ಹುಡುಗಿ ಹಳೇ ಕೇಸನ್ನು ಮತ್ತೆ ತೆರೆಯಿರಿ ಎಂದು ಅರ್ಜಿ ಹಾಕಿದ್ದಳಂತೆ. ಅದು ಆ ದಿನವೇ ವಿಚಾರಣೆಗೆ ಬರುವುದಿತ್ತು, ಆದರೆ ಮಧ್ಯಾಹ್ನಕ್ಕೆ. ಮಧ್ಯಾಹ್ನ ನ್ಯಾಯಾಧೀಶರು ಕಡತ ತಿರುವಿ ಹೇಳಿದರು: "ನೋಡಮ್ಮ, ಅಪ್ಪ ನಿರಪರಾಧಿ ಅಂತ ಮಗಳು ಹೇಳಿದ್ರೆ ಸಾಲದು. ಹೊಸ ಸಾಕ್ಷಿ ಬೇಕು. ಮುಂದಿನ ತಿಂಗಳ ಮೊದಲನೇ ಶುಕ್ರವಾರದೊಳಗೆ ಕರ್ಕೊಂಡು ಬಾ. ಇಲ್ಲದಿದ್ರೆ ಈ ಅರ್ಜಿ ಇಲ್ಲಿಗೆ ಮುಗೀತು."

"ಸಾಕ್ಷಿ ಎಲ್ಲಿಂದ ತರಲಿ ಸ್ವಾಮಿ?" ಎಂದಳು ಹುಡುಗಿ. ಅವಳಿಂದ ಎರಡು ಮಾರು ದೂರದಲ್ಲಿ, ಧರ್ಮಗ್ರಂಥವನ್ನು ಎದೆಗೆ ಒತ್ತಿಕೊಂಡು, ಸಾಕ್ಷಿ ನಿಂತಿದ್ದ.

ಪ್ರತಿ ಶನಿವಾರ ಮಧ್ಯಾಹ್ನ ಪ್ರಾರ್ಥನಾಮಂದಿರದ ಹಿಂದಿನ ಕೋಣೆಯಲ್ಲಿ ಹತ್ತು ಹನ್ನೆರಡು ಜನ ಸೇರಿ ಪವಿತ್ರಗ್ರಂಥ ಓದುತ್ತಿದ್ದರು. ಪಾಠ ಮಾಡುವ ಅಜ್ಜಿ ಹಳೇ ಶಾಲಾ ಟೀಚರು, ಎಲ್ಲರ ಬಾಯಲ್ಲಿ ಪಾಠದಮ್ಮ. ಕಣ್ಣು ಮಂಜಾಗಿದ್ದರಿಂದ ಓದುವ ಕೆಲಸ ಮಾಮನ ಪಾಲಿಗೆ. "ನಿನ್ನ ಗಂಟಲಿಗೆ ದೇವರೂ ಗೈರುಹಾಜರಾಗೋ ಹಾಗಿಲ್ಲ" ಎಂದು ಛೇಡಿಸುತ್ತಿದ್ದಳು. ಆ ವರ್ಷ ಅವರು ಓದುತ್ತಿದ್ದುದು ದೇವರಿಗೂ ಇಸ್ರಾಯೇಲ್ಯರಿಗೂ ಆದ ಒಡಂಬಡಿಕೆಯ ಭಾಗಗಳನ್ನು.

ಆ ಶನಿವಾರದ ಪಾಠ ಇದು. ಇಸ್ರಾಯೇಲ್ಯರ ಮುದಿ ನಾಯಕ ಸಾಯುವ ಮುಂಚೆ ಜನರನ್ನೆಲ್ಲ ಒಂದೆಡೆ ಸೇರಿಸುತ್ತಾನೆ. ಯಾರನ್ನು ಸೇವಿಸುತ್ತೀರಿ, ಈಗಲೇ ಹೇಳಿಬಿಡಿ ಎನ್ನುತ್ತಾನೆ. ಜನ ಉಬ್ಬಿಹೋಗಿ, ನಮ್ಮ ದೇವರನ್ನೇ ಅನ್ನುತ್ತಾರೆ. ಮುದುಕ ಅವರ ಬಂಡವಾಳ ಬಲ್ಲವನು. ನಿಮ್ಮ ಕೈಲಾಗದು ಬಿಡಿ ಅನ್ನುತ್ತಾನೆ. ಆಗುತ್ತೆ, ಆಗುತ್ತೆ ಅಂತ ಜನ. ಹಾಗಾದರೆ ನಿಮ್ಮ ಮಾತಿಗೆ ನೀವೇ ಸಾಕ್ಷಿ ಎಂದು ಒಂದು ದೊಡ್ಡ ಕಲ್ಲನ್ನು ಎತ್ತಿ ಮರದ ಕೆಳಗೆ ನಿಲ್ಲಿಸುತ್ತಾನೆ. ಆಡಿದ ಮಾತನ್ನೆಲ್ಲ ಈ ಕಲ್ಲು ಕೇಳಿಸಿಕೊಂಡಿದೆ ಎನ್ನುತ್ತಾನೆ.

ಓದುತ್ತಿದ್ದ ಮಾಮನ ಗಂಟಲು ಅಲ್ಲಿಗೆ ಕಟ್ಟಿತು. ಸೈಕಲ್ ಅಂಗಡಿಯವರೆಗೆ ಮುಟ್ಟುವ ಗಂಟಲು, ಪಕ್ಕದ ಕುರ್ಚಿಗೂ ಮುಟ್ಟಲಿಲ್ಲ. ನೆಗಡಿಯಿರಬೇಕೆಂದು ಯಾರೋ ನೀರು ತಂದರು.

ಎಲ್ಲರೂ ಹೋದ ಮೇಲೆ ಮಾಮ ಕುರ್ಚಿ ಜೋಡಿಸುವ ನೆಪದಲ್ಲಿ ಉಳಿದುಕೊಂಡ. "ಅಮ್ಮಾ, ಆ ಕಲ್ಲು ಕೇಳಿಸಿಕೊಳ್ತಲ್ಲ, ಆಮೇಲೆ ಏನು ಮಾಡ್ತು?"

"ಏನು ಮಾಡುತ್ತೆ? ಕಲ್ಲು ತಾನೇ. ಸುಮ್ಮನೆ ನಿಂತಿತ್ತು."

"ಜನ ಮಾತು ಮುರಿದಾಗಲೂ?"

"ಮುರಿದಾಗಲೂ. ಅದಕ್ಕೇನು ಬಾಯಿ ಇದೆಯಾ?" ಪಾಠದಮ್ಮ ಕನ್ನಡಕ ತೆಗೆದು ಸೆರಗಿಗೆ ಒರೆಸಿಕೊಂಡಳು. "ಯಾಕಪ್ಪಾ, ನಾಲ್ಕು ವರ್ಷದಿಂದ ಓದ್ತಿದೀಯ, ಒಂದು ದಿನಾನೂ ಪ್ರಶ್ನೆ ಕೇಳಿದೋನಲ್ಲ."

ಮಾಮ ಎಲ್ಲ ಹೇಳಿಬಿಟ್ಟ. ಹೆಂಡತಿಯ ಹೊರತು ಯಾರಿಗೂ ಗೊತ್ತಿಲ್ಲದ್ದನ್ನು, ಮೂರನೇ ಕೂಗಿನ ದನಿಯನ್ನೂ ಸೇರಿಸಿ. ಹೇಳಿ, "ಆ ಕಲ್ಲು ನಾನೇ ಅಮ್ಮಾ. ಎಲ್ಲಾ ಕೇಳಿಸಿಕೊಂಡೆ. ನನ್ನ ಮುಂದೆ ಆಣೆ ಮಾಡಿದೋರ ಪಾಪ ಎಲ್ಲ ನನ್ನ ತಲೆ ಮೇಲಿದೆ ಅನಿಸುತ್ತೆ" ಎಂದ. ಸಮಾಧಾನದ ಮಾತು ಬರುತ್ತದೆಂದು ಕಾದ.

ಪಾಠದಮ್ಮನ ನಾಲಗೆ ಅಷ್ಟು ಮೆದುವಲ್ಲ. "ಊರಿನ ಪಾಪ ಎಲ್ಲ ನೀನ್ಯಾಕಪ್ಪಾ ಹೊರ್ತೀಯ, ದೊಡ್ಡ ಮನುಷ್ಯ! ನಿಂದು ಒಂದೇ ಇದೆ, ಅದನ್ನ ಹೊರು. ಕಲ್ಲಂತೆ ಕಲ್ಲು! ಅದನ್ನ ನಿಲ್ಸಿದ್ದೇ ಅದನ್ನ ನೋಡಿ ಮನುಷ್ಯರಿಗೆ ತಾವು ಆಡಿದ್ದು ನೆನಪಾಗ್ಲಿ, ಅವರು ಬಾಯಿ ಬಿಡ್ಲಿ ಅಂತ. ಮನುಷ್ಯನೇ ಕಲ್ಲಾಗಿ ಕೂತ್ರೆ ದೇವರು ಯಾರನ್ನ ಕೇಳಬೇಕು?"

"ಮುರಿದಿದ್ದು ಮತ್ತೆ ಕೂಡುತ್ತಾ ಅಮ್ಮಾ?"

"ಯಾಕೆ ಕೂಡಲ್ಲ? ದೇವರಿಗೆ ಮಾತು ಕೊಟ್ಟ ಬೆಟ್ಟದ ಬುಡದಲ್ಲೇ, ಆಡಿದ ಮಾತಿನ್ನೂ ಬಾಯಲ್ಲಿರೋವಾಗ್ಲೇ ಚಿನ್ನದ ಕರು ಮಾಡಿ ಪೂಜಿಸಿ ಕುಣಿದವರು ಆ ಇಸ್ರಾಯೇಲ್ಯರು. ದೇವರ ಆಜ್ಞೆ ಕೆತ್ತಿದ್ದ ಕಲ್ಲಿನ ಹಲಗೆ ಚೂರಾಯ್ತು. ದೇವರು ಕೈ ಬಿಟ್ನಾ? ಇನ್ನೆರಡು ಹಲಗೆ ಕೆತ್ಕೊಂಡು ಮೇಲೆ ಬಾ ಅಂದ. ಕರಾರಿಗಾದ್ರೆ ಮುಗಿಯೋ ದಿನ ಇರುತ್ತೆ, ಒಡಂಬಡಿಕೆಗೆ ಇಲ್ಲ. ಆದ್ರೆ ಒಂದು ಮರೀಬೇಡ. ಆ ಕರುವನ್ನ ಪುಡಿ ಮಾಡಿ, ನೀರಿಗೆ ಹಾಕಿ, ಮಾಡಿದವರಿಗೇ ಕುಡಿಸಿದ ಮೇಲೆ ಎರಡನೇ ಹಲಗೆ. ಕುಡೀಬೇಕಾದ್ದು ಕುಡೀದೆ ಮೇಲೆ ಹತ್ತೋಕೆ ದಾರಿ ಇಲ್ಲ ಕಣಪ್ಪಾ."

ಮನೆಗೆ ಹೋಗುವಾಗ ಮಾಮನಿಗೆ ಸಿಟ್ಟು ಬಂದಿತ್ತು. ಮುದುಕಿಗೇನು, ಹೇಳಿಬಿಟ್ಟಳು! ಅವಳಿಗೆ ಗಂಡನೂ ಇಲ್ಲ, ಗಂಡನ ತಮ್ಮನೂ ಇಲ್ಲ. ಮೂರು ವಾರ ಆ ಸಿಟ್ಟಿನಲ್ಲೇ ಕಳೆದ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು, ಅಂಥ ದಾರಿ ಹುಡುಕಿದ. ಹೆಸರಿಲ್ಲದ ಕಾಗದ ಬರೆದು ನ್ಯಾಯಾಧೀಶರ ಮೇಜಿನ ಮೇಲೆ ಇಡೋಣವೇ ಅಂದುಕೊಂಡ. ಬರೆದ, ಹರಿದ. ಹೆಸರಿಲ್ಲದ ಕಾಗದಕ್ಕೆ ಆಣೆ ಮಾಡಿಸುವುದು ಹೇಗೆಂದು ಅವನಿಗಿಂತ ಚೆನ್ನಾಗಿ ಬಲ್ಲವರು ಯಾರು?

ಶುಕ್ರವಾರದ ಹಿಂದಿನ ದಿನ ಬೆಳಿಗ್ಗೆ ಅಡುಗೆಮನೆಯ ಹೊಸ್ತಿಲಲ್ಲಿ ನಿಂತು ಹೆಂಡತಿಗೆ ಹೇಳಿದ: "ನಾಳೆ ಹೇಳಿಬಿಡ್ತೀನಿ ಕಣೇ."

ಅವಳು ತೊಳೆಯುತ್ತಿದ್ದ ಪಾತ್ರೆ ಹಾಗೇ ಬಿಟ್ಟಳು. ಏನು, ಎತ್ತ ಎಂದು ಕೇಳಲಿಲ್ಲ. ಹನ್ನೊಂದು ವರ್ಷದಿಂದ ಆ ಮನೆಯಲ್ಲಿ ಹೇಳುವುದು ಎಂದರೆ ಒಂದೇ. "ರೀ, ಅವನು ಸತ್ತು ಎಂಟು ವರ್ಷ ಆಯ್ತು. ಸತ್ತೋನ ಹೆಸರು ತೊಳೆಯೋಕೆ ಬದುಕಿರೋನ ಬಾಳಿಗೆ ಬೆಂಕಿ ಇಡ್ತೀರಾ? ನನ್ನ ತಮ್ಮ ಜೈಲಿಗೆ ಹೋಗ್ತಾನೆ. ಅವನ ಮಗಳಿಗೆ ಮದುವೆ ಗೊತ್ತಾಗಿದೆ."

"ಸತ್ತೋನಿಗೂ ಮಗಳಿದ್ದಾಳೆ. ದಿನಾ ನನ್ನ ಬಾಗಿಲ ಬೆಂಚಲ್ಲೇ ಕೂತಿರ್ತಾಳೆ."

ಹೆಂಡತಿ ಅತ್ತಳು, ಬೈದಳು, ನಿಮಗೆ ದೇವರ ಹುಚ್ಚು ಹಿಡಿದಿದೆ ಅಂದಳು. ಕೊನೆಗೆ ಸೋತ ದನಿಯಲ್ಲಿ, "ಹೇಳೋದಾದ್ರೆ ಹೇಳಿ. ನನ್ನ ಹೆಸರು ಮಾತ್ರ ಎತ್ತಬೇಡಿ. ನನ್ನ ಕೈಯಿಂದಲೇ ನನ್ನ ತಮ್ಮನ ಕತ್ತು ಕುಯ್ಯಿಸಬೇಡಿ. ನನ್ನ ಮೇಲೆ ಆಣೆ ಇಡಿ" ಎಂದು ಅವನ ಕೈ ತೆಗೆದು, ಆಗತಾನೆ ಮಿಂದು ಒದ್ದೆಯಾಗಿದ್ದ ತನ್ನ ತಲೆಯ ಮೇಲಿಟ್ಟುಕೊಂಡಳು.

ಮೂವತ್ತೊಂದು ವರ್ಷ ಪರರಿಗೆ ಆಣೆ ಮಾಡಿಸಿದವನು ಮೊದಲ ಸಲ ಸ್ವಂತಕ್ಕೆ ಒಂದು ಆಣೆ ಮಾಡಿದ. "ನಿನ್ನಾಣೆ. ಎತ್ತಲ್ಲ."

ಶುಕ್ರವಾರ ಹುಡುಗಿಯ ಅರ್ಜಿ ಬಂತು. ಸಾಕ್ಷಿ ಇದ್ದಾರೆಯೇ ಎಂದು ನ್ಯಾಯಾಧೀಶರು ಕೇಳಿದರು. ಹುಡುಗಿ ತಲೆ ಅಲ್ಲಾಡಿಸುವಷ್ಟರಲ್ಲಿ ಮಾಮ ಧರ್ಮಗ್ರಂಥವನ್ನು ತಾನೇ ಹಿಡಿದುಕೊಂಡು ಕಟಕಟೆ ಹತ್ತಿದ. ಗುಮಾಸ್ತ, ಪಾಪ, ಫ್ಯಾನಿನ ಸ್ವಿಚ್ಚಿಗೆ ಕೈ ಹಾಕಲು ಹತ್ತಿದನೆಂದುಕೊಂಡ.

"ಏನ್ರೀ ಇದು?" ಎಂದರು ನ್ಯಾಯಾಧೀಶರು.

"ನಾನು ಸಾಕ್ಷಿ ಸ್ವಾಮಿ. ಹನ್ನೊಂದು ವರ್ಷದಿಂದ ಸಾಕ್ಷಿ."

ಆಣೆ ಮಾಡಿ ಎಲ್ಲ ಹೇಳಿದ. ಆರು ಗಂಟೆ, ನಲ್ಲಿ, ಊಟ, ಬೆಂಕಿಯ ಸುದ್ದಿ. ಹುಡುಗಿ ಎದುರಿನ ಬೆಂಚನ್ನು ಹಿಡಿದು ನಿಂತೇ ಕೇಳಿದಳು. ಸರ್ಕಾರಿ ವಕೀಲ ಎದ್ದು ತಣ್ಣಗೆ ಕೇಳಿದ: "ಹನ್ನೊಂದು ವರ್ಷ ಬಾಯಿಗೆ ಬೀಗ ಹಾಕ್ಕೊಂಡಿದ್ದವರ ಒಂಟಿ ಮಾತನ್ನ ಈಗ ನಾವು ನಂಬಬೇಕಾ? ಆ ಸಂಜೆ ನಿಮ್ಮ ಮನೇಲಿ ಇನ್ಯಾರಾದರೂ ಇದ್ದರಾ?"

ಯಾರೂ ಇರಲಿಲ್ಲ ಎನ್ನಬಹುದಿತ್ತು. ಎರಡೇ ಮಾತು. ಮಾಮನಿಗೆ ಅಂಗೈಯಲ್ಲಿ ಹೆಂಡತಿಯ ತಲೆಗೂದಲಿನ ಒದ್ದೆ ಇನ್ನೂ ಇದ್ದಂತೆ ಅನ್ನಿಸಿತು. ಅದೇ ಅಂಗೈ ಈಗ ಗ್ರಂಥದ ಮೇಲಿತ್ತು. ಯಾವ ಆಣೆ ಉಳಿಸಿದರೂ ಇನ್ನೊಂದು ಮುರಿಯುತ್ತದೆ. ಕುಡಿಯಬೇಕಾದ್ದನ್ನು ಕುಡಿಯದೆ ಮೇಲೆ ಹತ್ತಲು ದಾರಿ ಇಲ್ಲ ಎಂದು ಪಾಠದಮ್ಮ ಹೇಳಿದ್ದು ಇದನ್ನೇ, ಅರ್ಧ ಕುಡಿದು ಲೋಟ ಕೆಳಗಿಡುವ ಹಾಗಿಲ್ಲ ಎಂದು ಅವನಿಗೆ ಆಗ ತಿಳಿಯಿತು.

"ನನ್ನ ಹೆಂಡತಿ ಇದ್ದಳು ಸ್ವಾಮಿ. ಅವಳೇ ಬಡಿಸಿದ್ದು" ಎಂದ.

ಆ ಸಂಜೆ ಮನೆಗೆ ಹೋದಾಗ ಬೀಗ ಹಾಕಿತ್ತು. ಹೆಂಡತಿ ತಮ್ಮನ ಮನೆ ಸೇರಿದ್ದಳು. ಸೋಮವಾರ ಅವಳನ್ನು ಕರೆಸಿದರು. ಮಾಮ ಸಾಕ್ಷಿಯಾದ್ದರಿಂದ ಆಣೆ ಮಾಡಿಸಿದವನು ಬೇರೆ ಕೋಣೆಯ ಜವಾನ. ತಮ್ಮ ಹೊರಗೆ ಕಂಬಕ್ಕೆ ಒರಗಿ ನಿಂತಿದ್ದ. ಅವಳು ಇಲ್ಲ ಅಂದುಬಿಡುತ್ತಾಳೆ, ಅಂದರೂ ತಾನು ತಪ್ಪೆನ್ನಲಾರೆ ಎಂದುಕೊಂಡು ಮಾಮ ಗೋಡೆ ನೋಡುತ್ತ ನಿಂತ. ಅವಳು ಬಾಗಿಲಾಚೆಯ ಕಂಬದ ಕಡೆ ಒಮ್ಮೆ, ಬೆಂಚಿನ ಮೇಲಿದ್ದ ಹುಡುಗಿಯ ಕಡೆ ಒಮ್ಮೆ ನೋಡಿದಳು. ಆಮೇಲೆ, "ಇದ್ದ. ನಲ್ಲಿ ಸರಿ ಮಾಡಿದ. ಎರಡನೇ ಸಲ ಕೇಳಿ ಬಡಿಸಿಕೊಂಡ. ನಂಗೂ ಗೊತ್ತಿತ್ತು" ಎಂದಳು. ಗಂಡನ ಕಡೆ ತಿರುಗಿ ನೋಡದೆ ಇಳಿದು ಹೋದಳು.

ಮೂರು ವಾರ ಬಿಟ್ಟು ಮನೆಗೆ ಬಂದಳು. ಚೀಲ ಕೆಳಗಿಟ್ಟು, "ಆ ಹುಡುಗಿ ನನ್ನ ಬಾಯನ್ನೇ ನೋಡ್ತಿದ್ಲು" ಎಂದಷ್ಟೇ ಹೇಳಿದಳು. ಆಮೇಲೆ ಬೇಕಾದ್ದಕ್ಕೆ ಮಾತ್ರ ಮಾತು. ತಮ್ಮನ ಮೇಲೆ ಸುಳ್ಳು ಸಾಕ್ಷಿಯ ಕೇಸು ಬಿತ್ತು, ಅವನ ಮಗಳ ಮದುವೆ ಮುರಿಯಿತು. ಹನ್ನೊಂದು ವರ್ಷ ಸಾಕ್ಷ್ಯ ಮುಚ್ಚಿಟ್ಟಿದ್ದಕ್ಕೆ ಮಾಮನಿಗೂ ನೋಟೀಸು ಬಂತು. ಆ ದನಿ ನಿಂತಿತೇ ಎಂದರೆ, ಕಟ್ಟುಕತೆಯಾದರೆ ನಿಲ್ಲಬೇಕಿತ್ತು. ನಿಲ್ಲಲಿಲ್ಲ.

ತೀರ್ಪು ಬಂದ ದಿನ ಕಾವಲುಗಾರ ನಿರ್ದೋಷಿ ಎಂದು ಓದಿದರು. ಹುಡುಗಿ ನಕಲು ಕಾಗದ ಹಿಡಿದುಕೊಂಡು ಮೊಗಸಾಲೆಗೆ ಬಂದಳು. ಮಾಮ ಎದ್ದು ನಿಂತ. ಬೈಯಲಿ, ಕಪಾಳಕ್ಕೆ ಹೊಡೆಯಲಿ, ತಗೊಳ್ಳೋಣ ಎಂದು ಸಿದ್ಧವಾಗಿ ನಿಂತ.

"ಮಾಮ, ಒಂದು ಕೇಳ್ಲಾ?" ಎಂದಳು. "ಅರ್ಜಿ ಹಾಕೋಕೆ ಮುಂಚೆ ನಾನು ಎರಡು ವರ್ಷ ಈ ಬೆಂಚಿಗೆ ಬಂದು ಕೂರ್ತಿದ್ದೆ. ಯಾಕೆ ಅಂತ ಗೊತ್ತಾ?"

ಗೊತ್ತಿಲ್ಲ ಎಂದ.

"ಜೈಲಲ್ಲಿ ಅಪ್ಪನ್ನ ನೋಡೋಕೆ ಹೋದಾಗೆಲ್ಲ ಅಪ್ಪ ಹೇಳ್ತಿದ್ರು. ಶಿಕ್ಷೆ ಓದಿದ ದಿನ ಕಾಲು ನಡುಗ್ತಿತ್ತಂತೆ, ಕಟಕಟೆ ಇಳಿಯೋಕೆ ಆಗ್ಲಿಲ್ವಂತೆ. ಪೊಲೀಸ್ರು ಎಳೆದ್ರಂತೆ. ನೀವು ಒಬ್ರೇ ಬಂದು ಮೊಣಕೈ ಹಿಡ್ಕೊಂಡು, 'ಮೆಲ್ಲಗೆ, ಮೆಟ್ಟಿಲಿದೆ' ಅಂದ್ರಂತೆ. 'ಆ ಕೋರ್ಟಲ್ಲಿ ಒಬ್ಬನೇ ಒಬ್ಬ ದೇವರಂಥ ಮನುಷ್ಯ ಇದ್ದಾನೆ ಮಗಳೇ, ಏನಾದ್ರೂ ಆದ್ರೆ ಅವನ ಹತ್ರ ಹೋಗು, ಅವನಿಗೆ ನಾನು ಎಂಥೋನು ಅಂತ ಗೊತ್ತು' ಅಂತಿದ್ರು. ಅದಕ್ಕೇ ಬರ್ತಿದ್ದೆ. ಮಾತಾಡಿಸೋಣ ಅಂದ್ರೆ ನೀವು ಪ್ರತಿ ಸಲ ಮೊಗಸಾಲೆಯ ಆ ತುದಿ ಕಡೆ ಮುಖ ತಿರುಗಿಸ್ಕೋತಿದ್ರಿ."

ಆ ದಿನ ಅವನ ಕೈ ಮೊಣಕೈ ಹಿಡಿದದ್ದು ಯಾಕೆಂದು ಅವನಿಗೆ ಗೊತ್ತಿತ್ತು. ಈಗ ಅವಳಿಗೂ ಗೊತ್ತಿತ್ತು.

"ಅಪ್ಪ ಬದುಕಿದ್ದಾಗ ಮೂರು ವರ್ಷ ಟೈಮಿತ್ತಲ್ಲ ಮಾಮ" ಎಂದಳು. ಆಮೇಲೆ ತೀರ್ಪಿನ ಕಾಗದವನ್ನು ಎರಡು ಮಡಿಕೆ ಮಾಡಿ ಚೀಲದಲ್ಲಿಟ್ಟುಕೊಂಡು ಮೆಟ್ಟಿಲಿಳಿದು ಹೋದಳು.